ಹಳದಿ ಬೋಯ್ ಕಂಡಿತ್ತು

(ಬೆಂಗಳೂರಿನ ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಊರಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಬೇಕಾದರೆ 300 ಕಿಲೋಮೀಟರ್ ರಸ್ತೆ ಸವೆಸಬೇಕು. ಹಾಗಿದ್ದೂ ಇಲ್ಲಿನ ಈಜುಕೊಳದಲ್ಲಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವ ಸ್ಕೂಬಾ ಡೈವಿಂಗ್ ಕಲಿತು, ಶುಕ್ರವಾರ ರಾತ್ರಿ ಬಸ್ ಹತ್ತಿ, ಬೆಳಗಾಗುವಾಗ ಮುರುಡೇಶ್ವರದಲ್ಲಿ ಇಳಿದು ನೇತ್ರಾಣಿ ದ್ವೀಪಕ್ಕೆ ಹೋಗುವ ಹುಡುಗ ಹುಡುಗಿಯರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಹಿಂದಿನ ಸಾಲುಗಳಲ್ಲಿ ಅವರ ಅಪ್ಪ ಅಮ್ಮಂದಿರು ಇರುವುದೂ ಕಾಣುತ್ತಿದೆ. ಎರಡೂ ಸಾಲಿನವರಿಗೆ ತಿಳಿಯುವ ಹಾಗೆ ಮಾತಾಡಲು ಪ್ರಯತ್ನಿಸುತ್ತೇನೆ.

ನನ್ನ ಕೈಯಲ್ಲಿರುವುದನ್ನು ನೋಡಿ. ಸುತ್ತಿಟ್ಟರೆ ಮಡಚುವ ಕೊಡೆಯಷ್ಟು ಗಾತ್ರ. ಬಿಚ್ಚಿದರೆ ಉದ್ದನೆಯ ಚೀಲ. ಗಾಳಿ ತುಂಬಿದರೆ ಎದೆಮಟ್ಟಕ್ಕೆ ಬರುವ ಕಿತ್ತಳೆ ಬಣ್ಣದ ಕೊಳವೆ. ಇದರ ಪೂರ್ತಿ ಹೆಸರು ಡಿಲೇಯ್ಡ್ ಸರ್ಫೇಸ್ ಮಾರ್ಕರ್ ಬೋಯ್. ನಾವು ಬೋಯ್ ಅಂತಲೇ ಕರೆಯುತ್ತೇವೆ. ಡೈವಿಂಗ್ ಶುರುವಿನಿಂದ ಎಳೆದುಕೊಂಡು ಓಡಾಡುವ ಬೋಯ್ ಬೇರೆ ಇದೆ. ಇದನ್ನು ಕೆಳಗಿರುವಾಗ ಜೇಬಿನಲ್ಲಿಟ್ಟುಕೊಂಡು, ಮೇಲಕ್ಕೆ ಹೊರಡುವ ಹೊತ್ತಿಗೆ ನೀರಿನೊಳಗೇ ಗಾಳಿ ತುಂಬಿ, ದಾರ ಕಟ್ಟಿ ಬಿಡುವುದು. ಮೇಲೆ ಅದು ಎದ್ದು ನಿಂತರೆ ಬೋಟಿನಲ್ಲಿರುವವರಿಗೆ ಅರ್ಥ ಒಂದೇ: ಈ ದಾರದ ಕೆಳತುದಿಯಲ್ಲಿ ಜನ ಇದ್ದಾರೆ.

ಇದು ಎಲ್ಲ ಡೈವರ್‌ಗಳಿಗೂ ಬೇಕಾದ ವಸ್ತುವೇ. ಟೆಕ್ನಿಕಲ್ ಡೈವಿಂಗ್, ಅಂದರೆ ತುಂಬ ಆಳಕ್ಕೆ ಇಳಿದು ನಿಂತು ನಿಂತು ಮೇಲೆ ಬರುವ ಡೈವಿಂಗ್ ಮಾಡುವವರಿಗೆ ಮಾತ್ರ ಇದರ ತೂಕ ಬೇರೆ. ಯಾಕೆ ಅಂತ ಹೇಳುತ್ತೇನೆ.

ಸಾಮಾನ್ಯ ಡೈವಿಂಗ್‌ನಲ್ಲಿ ಏನಾದರೂ ಎಡವಟ್ಟಾದರೆ ನಿಧಾನವಾಗಿ ಮೇಲೆ ಬಂದು ಬಿಡಬಹುದು. 45, 60 ಮೀಟರ್ ಆಳದಲ್ಲಿ ಅರ್ಧ ಗಂಟೆ ಇದ್ದವನು ಹಾಗೆ ಬರುವಂತಿಲ್ಲ. ಆ ಒತ್ತಡದಲ್ಲಿ ಉಸಿರಾಡಿದ ಸಾರಜನಕ, ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಎಂಬ ಗ್ಯಾಸ್ ಬಳಸಿದ್ದರೆ ಆ ಹೀಲಿಯಂ ಕೂಡ, ಮೈಯ ಅಂಗಾಂಶಗಳಲ್ಲಿ ಕರಗಿ ಕೂತಿರುತ್ತದೆ. ನೇರ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಅದು ಗುಳ್ಳೆಯಾಗಿ ಹೊರಡುತ್ತದೆ. ಕೀಲುನೋವಿನಲ್ಲೇ ಮುಗಿದರೆ ಅದೃಷ್ಟ. ಬೆನ್ನುಹುರಿಗೆ ಪೆಟ್ಟಾದರೆ ಕಾಲು ಬಿದ್ದುಹೋಗಬಹುದು. ಆದ್ದರಿಂದ ಮೇಲೆ ಬರುವ ದಾರಿಯಲ್ಲಿ ಅಲ್ಲಲ್ಲಿ ನಿಲ್ಲುತ್ತೇವೆ. 21 ಮೀಟರಿನಲ್ಲಿ ಅರ್ಧದಷ್ಟು ಆಮ್ಲಜನಕವಿರುವ ಸಿಲಿಂಡರಿಗೆ ಬದಲಾಯಿಸುತ್ತೇವೆ, 6 ಮೀಟರಿನಲ್ಲಿ ಶುದ್ಧ ಆಮ್ಲಜನಕಕ್ಕೆ. ಮೇಲೆ ಬಿಸಿಲು ಕಾಣುತ್ತಿರುತ್ತದೆ, ಬೋಟಿನ ಅಡಿ ಕಾಣುತ್ತಿರುತ್ತದೆ. ಎರಡು ಆಳು ಎತ್ತರವೂ ಇಲ್ಲ ಅನ್ನಿಸುತ್ತದೆ. ಆದರೂ ತಲೆಯ ಮೇಲೊಂದು ಕಾಣದ ಸೂರು ಇದೆ, ಇನ್ನೂ 40 ನಿಮಿಷ ಅದನ್ನು ದಾಟುವ ಹಾಗಿಲ್ಲ.

ಆ 40 ನಿಮಿಷದಲ್ಲಿ ನೀರು ಸುಮ್ಮನಿರುವುದಿಲ್ಲ. ಲಂಗರಿನ ಹಗ್ಗ ಸಿಕ್ಕಿದರೆ ಅದನ್ನು ಹಿಡಿದು ನಿಲ್ಲಬಹುದು. ಸೆಳವು ಜೋರಾಗಿದ್ದರೆ ಅಥವಾ ಹಗ್ಗ ತಪ್ಪಿಹೋದರೆ ನೀರಿನ ಜೊತೆ ಹೋಗುವುದೇ ದಾರಿ. ಒಂದು ನಾಟ್ ಸೆಳವು ಎಂದರೆ ಗಂಟೆಗೆ 1.85 ಕಿಲೋಮೀಟರ್, ನಡಿಗೆಗಿಂತ ನಿಧಾನ. ಆದರೆ 40 ನಿಮಿಷಕ್ಕೆ ಲೆಕ್ಕ ಹಾಕಿದರೆ 1.2 ಕಿಲೋಮೀಟರ್ ದಾಟುತ್ತದೆ. ಹೆಚ್ಚುಕಡಿಮೆ ಒಂದು ಮೆಟ್ರೊ ನಿಲ್ದಾಣದಿಂದ ಮುಂದಿನದಕ್ಕೆ. ನೀರಿನೊಳಗಿರುವವನಿಗೆ ತಾನು ಚಲಿಸುತ್ತಿದ್ದೇನೆ ಅಂತಲೂ ಗೊತ್ತಾಗುವುದಿಲ್ಲ, ಸುತ್ತಲಿನ ನೀರೂ ಜೊತೆಗೇ ಚಲಿಸುತ್ತಿರುತ್ತದಲ್ಲ. ಅವನು ಮೇಲೆ ತಲೆ ಎತ್ತುವ ಹೊತ್ತಿಗೆ ಬೋಟು ಎಲ್ಲೋ, ಇವನು ಎಲ್ಲೋ. ಸಣ್ಣ ಅಲೆಗಳ ನಡುವೆ ತಲೆಯೊಂದನ್ನು ಹುಡುಕುವುದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಲಾಲ್‌ಬಾಗ್ ಕೆರೆಯ ಈ ದಂಡೆಯಲ್ಲಿ ನಿಂತು ಆ ದಂಡೆಯ ಹತ್ತಿರ ತೇಲುವ ಒಂದು ತೆಂಗಿನಕಾಯಿಯನ್ನು ಮನಸ್ಸಿನಲ್ಲಿ ಹುಡುಕಿ. ಆಮೇಲೆ ಕೆರೆಗೆ ಒಂದಡಿ ಎತ್ತರದ ಅಲೆ ಸೇರಿಸಿ.

2008ರ ಜೂನ್‌ನಲ್ಲಿ ಇಂಡೊನೇಷ್ಯದ ಕೊಮೊಡೊ ಬಳಿ ಐದು ಮಂದಿ ಯುರೋಪಿನ ಡೈವರ್‌ಗಳು ಹೀಗೆ ಸೆಳವಿಗೆ ಸಿಕ್ಕಿ ಬೋಟಿನಿಂದ ದೂರವಾದರು. ಗಂಟೆಗಟ್ಟಲೆ ತೇಲಿ, ರಿಂಚಾ ಎಂಬ ದ್ವೀಪದ ದಡ ಹತ್ತಿ, ಎರಡು ದಿನದ ಮೇಲೆ ಸಿಕ್ಕಿದರು. ಬದುಕಿ ಬಂದರು. ಎಲ್ಲರಿಗೂ ದ್ವೀಪ ಸಿಗುವುದಿಲ್ಲ.

ಈಗ ಬೋಯ್ ಬಿಡುವ ಕೆಲಸಕ್ಕೆ ಬರೋಣ. ಇದರಲ್ಲಿ ಕೈ ಪಳಗಬೇಕು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಷಾಢದಲ್ಲಿ ಗಾಳಿಪಟ ಹಾರಿಸಿದವರು ಇಲ್ಲಿ ಎಷ್ಟು ಜನ? ಅರ್ಧ ಸಭೆ ಕೈ ಎತ್ತಿತು, ಸಂತೋಷ. ದಾರದ ಉಂಡೆ ಬೆರಳುಗಳ ನಡುವೆ ತಿರುಗುತ್ತಾ ದಾರ ಬಿಟ್ಟುಕೊಡುವುದು ನಿಮಗೆ ಗೊತ್ತು. ಬೋಯ್‌ನ ದಾರ ಸುತ್ತಿರುವ ಈ ಸ್ಪೂಲ್ ಕೂಡ ಅದೇ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿದರೆ ಗಿರ್ರನೆ ಸುತ್ತುತ್ತದೆ. ವ್ಯತ್ಯಾಸ ಒಂದೇ. ಗಾಳಿಪಟ ಎಳೆಯುವ ಬಲ ಗಾಳಿಯದು, ಇಲ್ಲಿ ಎಳೆಯುವ ಬಲ ಕ್ಷಣಕ್ಷಣಕ್ಕೂ ಬೆಳೆಯುತ್ತಾ ಹೋಗುತ್ತದೆ.

ಕಾರಣ, ಶಾಲೆಯಲ್ಲಿ ಕಲಿತ ಬಾಯ್ಲ್ ನಿಯಮ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಹತ್ತು ಲೀಟರ್ ಹಿಡಿಸುವ ಬೋಯ್‌ಗೆ ಅಲ್ಲಿ ಎರಡೂವರೆ ಲೀಟರ್ ತುಂಬಿದರೆ ಸಾಕು, ಮೇಲೆ ಹೋಗುವಷ್ಟರಲ್ಲಿ ಅದೇ ಉಬ್ಬಿ ಹತ್ತಾಗುತ್ತದೆ. ಎರಡೂವರೆ ಲೀಟರ್ ಎಂದರೆ ಒಂದು ದೊಡ್ಡ ಉಸಿರು. ಹಾಗಾಗಿ ಅನುಭವಿಗಳು ಬೇರೆ ಗಾಳಿ ಬಿಡಲು ಹೋಗುವುದಿಲ್ಲ, ತಮ್ಮ ಉಸಿರನ್ನೇ ಬೋಯ್ ಬಾಯಿಗೆ ಊದುತ್ತಾರೆ. ಎದೆಯಲ್ಲಿದ್ದ ಗಾಳಿ ಕೊಳವೆಗೆ ಹೋಯಿತು, ಅಷ್ಟೆ. ಒಟ್ಟು ತೇಲುವ ಬಲ ಬದಲಾಗಲಿಲ್ಲ, ಇದ್ದ ಆಳದಲ್ಲೇ ಇರುತ್ತೀರಿ. ಅದೇ ಬೋಯ್‌ಅನ್ನು 6 ಮೀಟರಿನಲ್ಲಿ ತುಂಬಲು ಹೋದರೆ ಆರು ಲೀಟರಿಗೂ ಹೆಚ್ಚು ಊದಬೇಕು. ಒಂದೇ ಉಸಿರಿಗೆ ಆಗುವ ಮಾತಲ್ಲ. ಅರ್ಧ ತುಂಬಿದ ಬೋಯ್ ಮೇಲೆ ಹೋಗಿ ಒದ್ದೆ ಟವೆಲ್ಲಿನ ಹಾಗೆ ಬಿದ್ದುಕೊಳ್ಳುತ್ತದೆ.

ಬಿಟ್ಟ ಕ್ಷಣದಲ್ಲಿ ಎಳೆತ ಎರಡೂವರೆ ಕಿಲೋ. ಮೇಲೆ ಮುಟ್ಟುವ ಹೊತ್ತಿಗೆ ಹತ್ತು ಕಿಲೋ. ಈ ನಡುವೆ ದಾರ ಸಿಕ್ಕಿಕೊಂಡರೆ ಏನು ಮಾಡಬೇಕು? ಕೈ ಬಿಡಬೇಕು. ಸ್ಪೂಲ್ ಹೋಗಲಿ, ಬೋಯ್ ಹೋಗಲಿ. ಇದಕ್ಕಾಗಿಯೇ ಬೋಯ್ ಬಿಡುವಾಗ ಸ್ಪೂಲನ್ನು ಮೈಗೆ ಕ್ಲಿಪ್ ಮಾಡಿಕೊಳ್ಳಬಾರದು ಅನ್ನುವುದು. ಕ್ಲಿಪ್ ಮಾಡಿಕೊಂಡವನನ್ನು ಸಿಕ್ಕಿಕೊಂಡ ದಾರ ಬಾವಿಯ ಕೊಡದ ಹಾಗೆ ಮೇಲಕ್ಕೆ ಸೇದಿಬಿಡುತ್ತದೆ, ಆ ಕಾಣದ ಸೂರನ್ನು ಒಡೆದುಕೊಂಡು. ಇನ್ನೊಂದು ಬೋಯ್ ಇದ್ದೇ ಇರುತ್ತದೆ. ಟೆಕ್ನಿಕಲ್ ಡೈವರ್ ಒಂದನ್ನೇ ಇಟ್ಟುಕೊಂಡು ಇಳಿಯುವುದಿಲ್ಲ.

ಮೇಲೆ ಹೋದ ಬೋಯ್ ನೆಟ್ಟಗೆ ನಿಲ್ಲಬೇಕಾದರೆ ಕೆಳಗಿನಿಂದ ದಾರ ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಮಲಗಿಬಿಡುತ್ತದೆ. ಮಲಗಿದ ಬೋಯ್ ದೂರದಿಂದ ಕಾಣುವುದಿಲ್ಲ. ಹಾಗಂತ ಜೋತುಬೀಳಲೂಬಾರದು. ಮಗುವಿನ ಬೆರಳು ಹಿಡಿದು ರಸ್ತೆ ದಾಟುವಾಗ ಎಷ್ಟು ಬಿಗಿ ಹಿಡಿಯುತ್ತೀರೋ ಅಷ್ಟು. ಆ ದಾರದಲ್ಲಿ ಮೇಲಿನ ಅಲೆ ನಿಮ್ಮ ಬೆರಳಿಗೆ ಮುಟ್ಟುತ್ತಿರುತ್ತದೆ. ಟಕ್, ಟಕ್ ಅಂತ. ಸುತ್ತಲೂ ಬರೀ ನೀಲಿ, ಕೆಳಗೆ ನೆಲ ಇಲ್ಲ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗದ ಹೊತ್ತಿನಲ್ಲಿ ಆ ಟಕ್ ಟಕ್ ಎಷ್ಟು ಧೈರ್ಯ ಕೊಡುತ್ತದೆ ಅಂತ ಹೇಳಿದರೆ ಅತಿಶಯೋಕ್ತಿ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಾಮಾನುಗಳ ವಿಷಯ. ನಾನು ಇವತ್ತು ಬಂದಿರುವುದು ಇನ್ನೊಂದು ಮಾತು ಹೇಳಲು.

ಬೋಯ್ ಮೂಲಕ ಬರೀ "ಇಲ್ಲಿದ್ದೇವೆ" ಅಂತಲ್ಲದೆ ಇನ್ನೂ ಹೇಳಬಹುದು. ಟೆಕ್ನಿಕಲ್ ಡೈವಿಂಗ್‌ನಲ್ಲಿ ಎಷ್ಟೋ ಕಡೆ ರೂಢಿಯಲ್ಲಿರುವ ಕ್ರಮ ಇದು: ಕಿತ್ತಳೆ ಅಥವಾ ಕೆಂಪು ಬೋಯ್ ಬಂದರೆ ಎಲ್ಲ ಸರಿಯಿದೆ, ಮೇಲೆ ಬರಲು ಶುರುಮಾಡಿದ್ದೇವೆ, ಹಿಂಬಾಲಿಸಿ ಬನ್ನಿ. ಹಳದಿ ಬಂದರೆ ತೊಂದರೆಯಿದೆ, ಸಹಾಯ ಬೇಕು. ಹಳದಿಯ ಜೊತೆ ಒಂದು ಸ್ಲೇಟು ಕಟ್ಟಿ, ಯಾವ ಗ್ಯಾಸ್ ಬೇಕು, ಎಷ್ಟು ಆಳದಲ್ಲಿದ್ದೇವೆ ಅಂತ ಬರೆದು ಕಳಿಸಬಹುದು. ಮೇಲಿನವರು ತುಂಬಿದ ಸಿಲಿಂಡರನ್ನು ಅದೇ ದಾರಕ್ಕೆ ಕ್ಲಿಪ್ ಹಾಕಿ ಕೆಳಗೆ ಜಾರಿಬಿಡಬಹುದು. ಕೆಲವು ತಂಡಗಳಲ್ಲಿ ಒಂದೇ ದಾರದಲ್ಲಿ ಎರಡು ಬೋಯ್ ಬಂದರೆ ಅಪಾಯ ಅಂತ ಅರ್ಥ.

ಆದರೆ ಇದು ಲೋಕಕ್ಕೆಲ್ಲ ಒಂದೇ ಕಾಯಿದೆಯಲ್ಲ. ಎಷ್ಟೋ ಕಡೆ ಸಾಮಾನ್ಯ ಡೈವರ್‌ಗಳು ಹಳದಿ ಬೋಯ್‌ಅನ್ನೇ ದಿನವೂ ಬಳಸುತ್ತಾರೆ, ಅಂಗಡಿಯಲ್ಲಿ ಸಿಕ್ಕಿದ್ದು ಅದು ಅಂತ. ಬಣ್ಣಕ್ಕೆ ತನ್ನಷ್ಟಕ್ಕೇ ಅರ್ಥವಿಲ್ಲ. ಇಳಿಯುವ ಮುಂಚೆ ಮೇಲಿನವರೂ ಕೆಳಗಿನವರೂ ಕೂತು ಒಪ್ಪಿಕೊಂಡರೆ ಮಾತ್ರ ಅರ್ಥ. ಇದನ್ನು ನಾನು ಕಲಿತದ್ದು ಹೇಗೆ ಅಂತ ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ, ನಮ್ಮ ಪಶ್ಚಿಮ ಕರಾವಳಿಯ ಒಂದು ಕಡೆ. ದಡದಿಂದ ಸಾಕಷ್ಟು ದೂರ. ನಾನೂ ನನ್ನ ಜೊತೆಗಾರ್ತಿಯೂ 45 ಮೀಟರಿಗೆ ಇಳಿದಿದ್ದೆವು. ಬೆಳಿಗ್ಗೆ ಬೋಟಿನಲ್ಲಿ ವಿವರವಾದ ಬ್ರೀಫಿಂಗ್ ಆಗಿತ್ತು. ತಂಡದ ಮುಂದಾಳು ಚೆನ್ನಾಗಿಯೇ ಹೇಳಿದರು, ಕಿತ್ತಳೆ ಎಂದರೆ ಇದು, ಹಳದಿ ಎಂದರೆ ಇದು. ಹೇಳಿದ್ದು ಇಂಗ್ಲಿಷಿನಲ್ಲಿ. ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು, ಹಿಂದುಗಡೆ ಎಂಜಿನ್ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು. ಐವತ್ತು ದಾಟಿದ ಮನುಷ್ಯ, ನಾವೆಲ್ಲ ಹುಟ್ಟುವ ಮೊದಲಿಂದ ಆ ನೀರನ್ನು ಬಲ್ಲವರು. ಅವರಿಗೆ ಕೊನೆಯಲ್ಲಿ ಯಾರೋ ಕನ್ನಡದಲ್ಲಿ ಒಂದೇ ಮಾತು ಹೇಳಿದರು: "ಅಣ್ಣ, ಬೋಯ್ ಹತ್ರ ಬೋಟ್ ತರ್ಬೇಡಿ, ಫ್ಯಾನ್ ತಾಗತ್ತೆ." ಫ್ಯಾನ್ ಎಂದರೆ ಬೋಟಿನ ಪ್ರೊಪೆಲರ್.

ಮೇಲೆ ಬರುವಾಗ ಮೊದಲು ಕಿತ್ತಳೆ ಬೋಯ್ ಬಿಟ್ಟೆವು. 21 ಮೀಟರಿನಲ್ಲಿ ಗ್ಯಾಸ್ ಬದಲಾಯಿಸಿದೆವು. ಸ್ವಲ್ಪ ಹೊತ್ತಿಗೆ ಜೊತೆಗಾರ್ತಿ ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರ್‌ನಿಂದ ಗ್ಯಾಸ್ ಬುಸ್ಸೆಂದು ಹರಿಯಲು ಶುರುವಾಯಿತು. ವಾಲ್ವ್ ಮುಚ್ಚುವಷ್ಟರಲ್ಲಿ ಸಿಲಿಂಡರ್ ಬಹುಪಾಲು ಖಾಲಿ. ತಾಲೀಮಿನಲ್ಲಿ ಕಲಿತ ಹಾಗೆ ಉಳಿದ ಒಂದು ಸಿಲಿಂಡರನ್ನು ಇಬ್ಬರೂ ಸರದಿಯಲ್ಲಿ ಉಸಿರಾಡತೊಡಗಿದೆವು. ನಾನು ಹಳದಿ ಬೋಯ್ ತೆಗೆದೆ. ಸ್ಲೇಟಿನ ಮೇಲೆ ಪೆನ್ಸಿಲ್‌ನಲ್ಲಿ ಏನು ಬೇಕು, ಎಷ್ಟು ಆಳ ಅಂತ ಇಂಗ್ಲಿಷಿನಲ್ಲಿ ಬರೆದೆ. ಕಟ್ಟಿ ಬಿಟ್ಟೆ. ಬೋಯ್ ಚೆನ್ನಾಗಿ ಹೋಯಿತು. ಮೇಲೆ ಮುಟ್ಟಿದ್ದು ದಾರದಲ್ಲಿ ತಿಳಿಯಿತು.

ಐದು ನಿಮಿಷ ಕಾದೆವು. ಹತ್ತು ನಿಮಿಷ. ಎಂಜಿನ್ ಸದ್ದು ಕೇಳುತ್ತಿತ್ತು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಬರುತ್ತದೆ, ಎಡಗಿವಿಗೂ ಬಲಗಿವಿಗೂ ಒಟ್ಟಿಗೇ ಬಂದ ಹಾಗಿರುತ್ತದೆ, ಯಾವ ಕಡೆಯಿಂದ ಅಂತ ಹೇಳಲಾಗುವುದಿಲ್ಲ. ಬೋಟು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯಲಿಲ್ಲ. ಕೆಳಗೆ ಯಾವ ಸಿಲಿಂಡರೂ ಬರಲಿಲ್ಲ. ಬೆನ್ನಿನ ಸಿಲಿಂಡರುಗಳಲ್ಲಿ ಉಳಿಸಿಕೊಂಡಿದ್ದ ಗ್ಯಾಸ್ ನಮ್ಮನ್ನು ಕಾಪಾಡಿತು. ಅದರಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ನಿಲ್ಲುವ ಹೊತ್ತು ಮಾತ್ರ ಬಹಳ ಉದ್ದವಾಯಿತು. ಚಳಿಯಲ್ಲಿ ನಡುಗುತ್ತಾ, ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡು ಎಲ್ಲ ನಿಲುಗಡೆಗಳನ್ನೂ ಮುಗಿಸಿ ಮೇಲೆ ಬಂದೆವು.

ಬೋಟು ನೂರು ಮೀಟರ್ ದೂರದಲ್ಲಿ ನಿಂತಿತ್ತು. ನಾನು ಹತ್ತಿದವನೇ, "ಹಳದಿ ಬೋಯ್ ಕಾಣಲಿಲ್ವಾ?" ಅಂತ ಕೇಳಿದೆ. ನನ್ನ ದನಿ ಜೋರಾಗಿತ್ತು, ಅದು ಈಗಲೂ ನನಗೆ ನಾಚಿಕೆ.

ತಾಂಡೇಲ ಹೇಳಿದರು: "ಹಳದಿ ಕಂಡಿತ್ತು ಸರ್. ಬಿಟ್ಟ ಕೂಡ್ಲೆ ಕಂಡಿತ್ತು. ಎರಡ್ನೇ ಜೋಡಿ ಬಂತು ಅಂತ ತಿಳ್ಕಂಡೆ. ಬೋಯ್ ಹತ್ರ ಬರ್ಬೇಡಿ ಅಂದಿದ್ರಲ್ಲ, ಅದ್ಕೇ ದೂರ ನಿಂತೆ. ಕಣ್ಣು ಮಾತ್ರ ತೆಗಿಲಿಲ್ಲ."

ಅವರು ಒಂದೇ ಒಂದು ತಪ್ಪೂ ಮಾಡಿರಲಿಲ್ಲ. ಅವರಿಗೆ ತಿಳಿಯುವ ಮಾತಿನಲ್ಲಿ ಏನು ಹೇಳಿದ್ದೆವೋ ಅದನ್ನು ಅಕ್ಷರಶಃ ಪಾಲಿಸಿದ್ದರು. ಅದೇ ಬೋಟಿನಲ್ಲಿ ಒಬ್ಬ ಸಹಾಯಕ ಹುಡುಗನೂ ಇದ್ದ. ಅವನು ಈಜಿ ಹೋಗಿ ಸ್ಲೇಟು ನೋಡಿದ್ದರೂ ಪ್ರಯೋಜನವಿರಲಿಲ್ಲ. ನನ್ನ ಅವಸರದ ಇಂಗ್ಲಿಷ್ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ಇಬ್ಬರೂ ಕನ್ನಡ ಶಾಲೆಗೆ ಹೋದವರು. ನಾನೂ ಹೋದವನೇ.

ಅವತ್ತಿನಿಂದ ನಮ್ಮ ತಂಡದ ಬ್ರೀಫಿಂಗ್ ಮೊದಲು ನಡೆಯುವುದು ತಾಂಡೇಲರ ಜೊತೆ, ಡೈವರ್‌ಗಳ ಜೊತೆ ಆಮೇಲೆ. ಕನ್ನಡದಲ್ಲಿ ನಡೆಯುತ್ತದೆ; ಕೊಂಕಣಿ ಮನೆಮಾತಿನವರಾದರೆ ಕೊಂಕಣಿ ಬಲ್ಲವರೊಬ್ಬರು ಜೊತೆಗಿರುತ್ತಾರೆ. ಎರಡೂ ಬೋಯ್‌ಗಳನ್ನು ಊದಿ ಅವರ ಕೈಗೇ ಕೊಡುತ್ತೇವೆ. "ಇದು ಬಂದರೆ ಏನು ಮಾಡ್ತೀರಿ? ಅದು ಬಂದರೆ?" ಅಂತ ಕೇಳಿ ಅವರ ಬಾಯಿಂದಲೇ ಉತ್ತರ ಕೇಳುತ್ತೇವೆ. ನಾವು ಹೇಳುವುದು ಮುಖ್ಯವಲ್ಲ, ಅವರು ತಿರುಗಿ ಹೇಳುವುದು ಮುಖ್ಯ. ಮೊನ್ನೆ ಒಬ್ಬ ತಾಂಡೇಲರು ನಮಗೇ ತಿರುಗಿ ಕೇಳಿದರು: "ಕಿತ್ತಳೆ ಬರ್ದೇ ಹಳದಿನೇ ಮೊದ್ಲು ಬಂದ್ರೆ?" ನಾವು ಅದನ್ನು ಯೋಚಿಸಿರಲೇ ಇಲ್ಲ. ಅಲ್ಲೇ ಕೂತು ತೀರ್ಮಾನ ಮಾಡಿದೆವು.

ಸ್ಲೇಟಿನಲ್ಲಿ ಮೊದಲೇ ಬರೆದಿಟ್ಟಿರುತ್ತೇವೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: "ಗ್ಯಾಸ್ ಬೇಕು." "ಗಾಯ ಆಗಿದೆ." "ಒಬ್ಬರು ಕಾಣುತ್ತಿಲ್ಲ." ಬೇಕಾದ ಸಾಲಿನ ಮುಂದೆ ಗುರುತು ಹಾಕಿ ಕಳಿಸಿದರಾಯಿತು. ಗ್ಯಾಸಿನ ಹೆಸರನ್ನು ಅವರು ನೆನಪಿಡಬೇಕಿಲ್ಲ. ಬೋಟಿನಲ್ಲಿರುವ ಹೆಚ್ಚುವರಿ ಸಿಲಿಂಡರಿಗೆ ಹಸಿರು ಪಟ್ಟಿ ಸುತ್ತಿಟ್ಟಿರುತ್ತೇವೆ, ಸ್ಲೇಟಿನಲ್ಲೂ ಹಸಿರು ಪಟ್ಟಿ.

ಬೋಯ್ ಮೇಲೂ ಬರೆದಿದ್ದೇವೆ. ಇದನ್ನು ನೋಡಿ: "ಕೆಳಗೆ ಜನ ಇದ್ದಾರೆ. ಎಳೆಯಬೇಡಿ." ಇದು ಯಾಕೆಂದರೆ ನಮ್ಮ ಕರಾವಳಿಯಲ್ಲಿ ಮೀನುಗಾರರ ದೋಣಿ ಎಲ್ಲೆಲ್ಲೂ ಇರುತ್ತದೆ. ನೀರಿನ ಮೇಲೆ ಒಂಟಿಯಾಗಿ ತೇಲುವ ಬಣ್ಣದ ವಸ್ತು ಕಂಡರೆ ಯಾರದೋ ಬಲೆಯ ಬೆಂಡು ಕಿತ್ತು ಬಂದಿದೆ ಅಂತ ಎತ್ತಿಕೊಳ್ಳುವುದು ಸಹಜ, ಒಳ್ಳೆಯ ಮನಸ್ಸಿನಿಂದಲೇ. ಅವರು ದಾರ ಎಳೆದರೆ ಇತ್ತ 6 ಮೀಟರಿನಲ್ಲಿ ನಿಂತವನ ಗತಿಯೇನು? ಕಿತ್ತಳೆ ಬಣ್ಣ ಅವರಿಗೆ ಏನೂ ಹೇಳುವುದಿಲ್ಲ. ಕನ್ನಡದ ನಾಲ್ಕು ಪದ ಹೇಳುತ್ತವೆ. ಹೊರಡುವ ಮೊದಲು ಬಂದರಿನಲ್ಲಿ ನಾಲ್ಕು ಜನ ಮೀನುಗಾರರಿಗೆ ಬೋಯ್ ತೋರಿಸಿ ಬಂದರೆ ಇನ್ನೂ ಒಳ್ಳೆಯದು.

ಇನ್ನೊಂದು ಕೊರತೆ ಇದೆ. ಬೋಯ್ ಒಂದು ದಿಕ್ಕಿನ ಮಾತು. ನಾವು ಹೇಳಿದ್ದು ಅವರಿಗೆ ತಲುಪಿತೇ ಅಂತ ನಮಗೆ ಗೊತ್ತಾಗುವುದಿಲ್ಲ. ಆ ಹತ್ತು ನಿಮಿಷ ನನ್ನನ್ನು ಸುಟ್ಟದ್ದು ಗ್ಯಾಸಿನ ಚಿಂತೆಗಿಂತ ಇದೇ. ಇಸ್ರೊ ಮೀನುಗಾರರಿಗಾಗಿ ಮಾಡಿದ ಅಪಾಯಸೂಚಕ ಯಂತ್ರ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ದೋಣಿ ಇರುವ ಜಾಗ ದಡಕ್ಕೆ ತಲುಪುತ್ತದೆ. ಮೊದಲಿನ ಯಂತ್ರದಲ್ಲಿ ಮೀನುಗಾರನಿಗೆ ಉತ್ತರ ಬರುತ್ತಿರಲಿಲ್ಲ. ಎರಡನೆಯ ತಲೆಮಾರಿನ ಯಂತ್ರದಲ್ಲಿ "ನಿಮ್ಮ ಕರೆ ಸಿಕ್ಕಿದೆ" ಅನ್ನುವ ಮರುಸಂದೇಶ ಬರುತ್ತದೆ. ಆ ಬದಲಾವಣೆ ಎಷ್ಟು ದೊಡ್ಡದು ಅಂತ ದಾರ ಹಿಡಿದು ಕಾದವರಿಗೆ ಗೊತ್ತು.

ನಮ್ಮಲ್ಲಿ ಉಪಗ್ರಹವಿಲ್ಲ. ಒಂದು ಉಕ್ಕಿನ ಕೊಕ್ಕೆ ಇದೆ. ಹಳದಿ ಕಂಡ ತಕ್ಷಣ ಬೋಟಿನ ಸಹಾಯಕ ಈಜಿ ಹೋಗಿ ಈ ಕೊಕ್ಕೆಯನ್ನು ದಾರಕ್ಕೆ ಸಿಕ್ಕಿಸಿ ಬಿಡುತ್ತಾನೆ. ಅದು ಜಾರಿ ಬಂದು ಕೈಗೆ ತಾಗಿದರೆ "ಕಂಡಿದೆ, ಸಿಲಿಂಡರ್ ಹಿಂದೆಯೇ ಬರುತ್ತದೆ" ಅಂತ. ಐದು ನಿಮಿಷದಲ್ಲಿ ಕೊಕ್ಕೆ ಬರದಿದ್ದರೆ ಅವರಿಗೆ ಕಂಡಿಲ್ಲ ಅಂತ ತಿಳಿದು ಇನ್ನೊಂದು ದಾರಿ ನೋಡುತ್ತೇವೆ.

ಕೊನೆಯದಾಗಿ ಹೊತ್ತಿನ ಮಾತು. ಒಂದು ರಟ್ಟಿನ ಮೇಲೆ ಬರೆದು ಬೋಟಿನಲ್ಲಿ ಕಟ್ಟಿಡುತ್ತೇವೆ: ಇಷ್ಟು ಗಂಟೆಗೆ ಇಳಿದರು, ಇಷ್ಟು ಹೊತ್ತಿಗೆ ಮೊದಲ ಬೋಯ್ ಬರಬೇಕು, ಇಷ್ಟಾದರೂ ಬರದಿದ್ದರೆ ಸೆಳವಿನ ದಿಕ್ಕಿಗೆ ಹೋಗಿ ಹುಡುಕಿ, ಇಷ್ಟು ದಾಟಿದರೆ ಕೋಸ್ಟ್ ಗಾರ್ಡ್‌ಗೆ 1554 ಕರೆ ಮಾಡಿ, ರೇಡಿಯೊ ಇದ್ದರೆ 16ನೇ ಚಾನೆಲ್. ಬಾರದೆ ಇರುವ ಬೋಯ್ ಕೂಡ ಒಂದು ಸಂದೇಶ. ಅದನ್ನು ಓದುವ ಗಡಿಯಾರ ಮೇಲಿರಬೇಕು.

ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿ: ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಇದನ್ನು ಅಭ್ಯಾಸ ಮಾಡುವುದು ಹೇಗೆ?

ಈಜುಕೊಳದ ಆಳದ ಕಡೆ ಸಾಕು. ಅಲ್ಲಿ ಒತ್ತಡ ಹೆಚ್ಚಿಲ್ಲದ್ದರಿಂದ ಬೋಯ್ ಪೂರ್ತಿ ಉಬ್ಬುವುದಿಲ್ಲ, ಪರವಾಗಿಲ್ಲ. ಬಿಚ್ಚುವುದು, ಕಟ್ಟುವುದು, ಕೈ ಚಾಚಿ ಹಿಡಿಯುವುದು, ಮೇಲೆ ನೋಡುವುದು, ಬಿಡುವುದು, ಇಷ್ಟನ್ನೂ ಇದ್ದ ಆಳದಿಂದ ಅರ್ಧ ಮೀಟರ್ ಕದಲದೆ ಮಾಡಬೇಕು. ಐವತ್ತು ಸಲ ಮಾಡಿ. ಆಮೇಲೆ ಮಾಸ್ಕ್ ಮೇಲೆ ಬಟ್ಟೆ ಕಟ್ಟಿಕೊಂಡು ಐವತ್ತು ಸಲ, ಪಕ್ಕದಲ್ಲಿ ಕಾವಲಿಗೆ ಒಬ್ಬರನ್ನು ಇಟ್ಟುಕೊಂಡು. ಮನೆಯಲ್ಲಿ ಟೀವಿ ನೋಡುತ್ತಾ ದಾರ ಸುತ್ತಿ. ಸಡಿಲವಾಗಿ ಸುತ್ತಿದ ಸ್ಪೂಲೇ ಕೆಳಗೆ ಸಿಕ್ಕಿಕೊಳ್ಳುವುದು.

ನಮ್ಮೂರಿನ ಇನ್ನೊಂದು ವಿಷಯ, ಕೇಳದಿದ್ದರೂ ಹೇಳುತ್ತೇನೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಡೈವಿಂಗ್ ಮುಗಿಸಿ ಅದೇ ರಾತ್ರಿ ಬಸ್ ಹತ್ತಿ ಘಟ್ಟ ಏರುವುದೂ ವಿಮಾನ ಹತ್ತಿದ ಹಾಗೆಯೇ. ನಿಂತು ನಿಂತು ಮೇಲೆ ಬರುವ ಡೀಕಂಪ್ರೆಷನ್ ಡೈವ್ ಮಾಡಿದವರು ಒಂದು ದಿನ ದಡದಲ್ಲೇ ಉಳಿಯಿರಿ. ಸೋಮವಾರದ ರಜೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನಿವೃತ್ತ ಎಂಜಿನಿಯರ್ ಒಬ್ಬರು: ಈಗ ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ ಸಣ್ಣ ಬೀಕನ್ ಸಿಗುತ್ತದಲ್ಲ, ಬಟ್ಟೆಯ ಕೊಳವೆ ಯಾಕೆ ಬೇಕು?

ಎರಡೂ ಇರಲಿ ಸರ್. 406 ಮೆಗಾಹರ್ಟ್ಸ್‌ನ ಬೀಕನ್ ಅರಬ್ಬೀ ಸಮುದ್ರದಲ್ಲಿ ಕೂಗಿದರೆ ಆ ಕೂಗು ಬರುವುದು ನಮ್ಮ ಪೀಣ್ಯದಲ್ಲಿ ಇಸ್ರೊದ ಇಸ್ಟ್ರಾಕ್ ಎಂಬ ಸಂಸ್ಥೆಯಲ್ಲಿರುವ ಕೇಂದ್ರಕ್ಕೇ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ. ಹೆಮ್ಮೆಯ ವಿಷಯ. ಆದರೆ ಅದರ ರೇಡಿಯೊ ಅಲೆ ನೀರೊಳಗಿಂದ ಹೊರಡುವುದಿಲ್ಲ, ನೀವು ಮೇಲೆ ಬಂದ ಮೇಲೆಯೇ ಅದು ಕೂಗುವುದು. ಮೇಲೆ ಬರಲಾಗದ ಆ 40 ನಿಮಿಷದಲ್ಲಿ ಈ ಬಟ್ಟೆಯ ಕೊಳವೆಯೇ ಗತಿ.

ಹಿಂದಿನ ಸಾಲಿನಿಂದ ಒಬ್ಬ ತಾಯಿ: ನನಗೆ ಇದೆಲ್ಲ ಅರ್ಧ ಅರ್ಥವಾಯಿತು. ಮಗ ಹೊರಟಾಗ ನಾನು ಅವನನ್ನು ಏನು ಕೇಳಬೇಕು, ಅಷ್ಟು ಹೇಳಿ.

ಬೋಟಿನಲ್ಲಿ ಉಳಿಯುವವರು ಯಾರು ಅಂತ ಕೇಳಿ ಅಮ್ಮ. ಅವರ ಹೆಸರು ಕೇಳಿ. ಹಳದಿ ಬಂದರೆ ಏನು ಮಾಡುತ್ತೇನೆ ಅಂತ ಅವರು ತಮ್ಮ ಬಾಯಿಂದ ಹೇಳಿದರಾ ಅಂತ ಕೇಳಿ.

ಮಗ ಮುಂದಿನ ಸಾಲಿನಲ್ಲೇ ಇದ್ದ. ಆಕೆ ಅಲ್ಲಿಂದಲೇ ಕೂಗಿ ಕೇಳಿದರು: "ಹೋದ್ಸಲ ಬೋಟ್ ಓಡಿಸಿದವರ ಹೆಸರೇನೋ?"

ಅವನು ತಿರುಗಿ ನೋಡಿ, "ಕೇಳಿರ್ಲಿಲ್ಲಮ್ಮ, ಈ ಸಲ ಕೇಳ್ತೀನಿ" ಅಂದ.